ಕಾಫಿ ಹೊತ್ತಿನಲ್ಲಿ ಸತ್ತ ಕಾಡತೂಸು

ದಿನಕ್ಕೆ ಎರಡು ಸಲ ಇಡೀ ಫ್ಯಾಕ್ಟರಿ ಕೆಲಸ ಬಿಟ್ಟು ಕಾಫಿಗೆ ಕೂರುವುದು ನನಗೆ ಶುದ್ಧ ಮೈಗಳ್ಳತನವಾಗಿ ಕಂಡಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಒಮ್ಮೆ, ಮಧ್ಯಾಹ್ನ ಎರಡೂವರೆಗೆ ಇನ್ನೊಮ್ಮೆ. ಅದಕ್ಕೆ ಫಿಕಾ ಎಂದು ಹೆಸರು. ಮ್ಯಾನೇಜರಿನಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು, ದಾಲ್ಚಿನ್ನಿ ಬನ್ನು ಕಡಿಯುತ್ತ, ಹಿಮ ಯಾವಾಗ ಕರಗೀತು ಎಂದು ಚರ್ಚಿಸುತ್ತಿದ್ದರು. ನಾನು ಬೆಂಗಳೂರಿನವಳು. ನಿಂತಲ್ಲೇ ಕಾಫಿ ಕುಡಿದು, ಲೋಟ ಇಡುವ ಮೊದಲೇ ಸೀಟಿನ ಕಡೆ ತಿರುಗುವ ಜಾತಿ. ಇವರ ದೇಶ ಅದು ಹೇಗೆ ಮುಂದೆ ಬಂತಪ್ಪಾ ಎಂದು ಒಳಗೊಳಗೇ ನಗುತ್ತಿದ್ದೆ. 

ಅದು ಎರಡು ಸಾವಿರದ ಮೊದಲ ದಶಕ. ಹಿಮದ ಆ ದೇಶದ ಕಾರ್ಲ್‌ಸ್ಕ್ರೂನಾ ಎಂಬ ಊರಿನಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಮುಗಿಸಿದ್ದೆ. ಜೊತೆಗೆ ಓದಿದ ಕನ್ನಡದವರು ಟೋರ್ಸ್‌ಲಾಂಡದಲ್ಲಿ ಕಾರುಗಳ ಕೆಲಸಕ್ಕೆ ಸೇರಿದರು. ನನಗೆ ಸಿಕ್ಕಿದ್ದು ಕಾಡಿನ ಅಂಚಿನ ಪುಟ್ಟ ಊರೊಂದರಲ್ಲಿ ಬೇಟೆ ರೈಫಲ್ಲುಗಳಿಗೆ ಕಾಡತೂಸು ಮಾಡುವ ಫ್ಯಾಕ್ಟರಿ. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಹೋದ ನಾನು, ಕಡವೆಯ ದೊಡ್ಡಪ್ಪನಂಥ ಮೂಸ್ ಎಂಬ ಪ್ರಾಣಿಯನ್ನು ಹೊಡೆಯುವ ಗುಂಡಿನ ಹಿಂದೆ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಅಳೆಯುವ ಕೆಲಸಕ್ಕೆ ಸೇರಿದೆ. ಅಮ್ಮನಿಗೆ ಹೇಗೆ ಹೇಳಲಿ?

"ಏನ್ ಮಾಡ್ತಾರೆ ನಿಮ್ ಫ್ಯಾಕ್ಟ್ರೀಲಿ?" ಎಂದು ಫೋನಿನಲ್ಲಿ ಕೇಳಿದಳು.

"ಹಿತ್ತಾಳೆ ಸಾಮಾನು ಅಮ್ಮ."

"ಒಳ್ಳೇದಾಯ್ತು ಬಿಡು. ಬರೋವಾಗ ಒಂದ್ ಜೊತೆ ದೀಪ ತಗೊಂಬಾ ಕಣೇ."

ಸುಳ್ಳೇನೂ ಹೇಳಿರಲಿಲ್ಲ. ಕಾಡತೂಸು ಅಂದರೆ ಹಿತ್ತಾಳೆಯ ಒಂದು ಕೇಸು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಕೇಸಿಗೆ ಸೀಸೆಗಿರುವ ಹಾಗೆ ಭುಜ ಇರುತ್ತದೆ, ಕತ್ತು ಇರುತ್ತದೆ. ಇದನ್ನೆಲ್ಲ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದವರು ಟೂಲ್‌ರೂಮಿನ ಹಿರಿಯರು. ಅಚ್ಚುಗಳನ್ನು ತಯಾರಿಸುವುದು ಅವರ ಕೆಲಸ. ಅರವತ್ತು ದಾಟಿದ್ದರು, ಮುಂದಿನ ಜೂನಿಗೆ ನಿವೃತ್ತಿ. ನಾಲ್ಕು ಜನ ಸೇರಿದಲ್ಲಿ ಬಾಯಿ ಬಿಡದ ಮನುಷ್ಯ. ಆ ದೇಶದಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ಅಪ್ಪನಿಗಿಂತ ಹಿರಿಯರಾದ ಅವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಹೆಸರೇ ಇಲ್ಲದೆ "ಹಲೋ, ಹಲೋ" ಎಂದೇ ಆರು ತಿಂಗಳು ದೂಡಿದೆ. ಬೇಟೆಯ ಕಾಲದಲ್ಲಿ ನನಗೆಂದು ಮೂಸಿನ ಮಾಂಸ ತಂದಿದ್ದರು. ನಾನು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಮಾರನೆಯ ದಿನವೇ ಹೆಂಡತಿ ಮಾಡಿದ ಕಾಡುಹಣ್ಣಿನ ಜಾಮ್ ತಂದುಕೊಟ್ಟರು. ಅದನ್ನು ಚಪಾತಿಗೆ ಹಚ್ಚಿಕೊಂಡು ತಿಂದೆ.

ಅವರ ಹತ್ತಿರ ಅವರದೇ ಒಂದು ಕಾಡತೂಸಿತ್ತು. ಆ ದೇಶದಲ್ಲಿ ತಾತಂದಿರ ಕಾಲದಿಂದ ನಡೆದುಕೊಂಡು ಬಂದ ಆರೂವರೆ ಮಿಲಿಮೀಟರಿನ ಕಾಡತೂಸನ್ನು ತೆಗೆದುಕೊಂಡು, ಅದರ ಭುಜವನ್ನು ಮುಂದಕ್ಕೆ ತಳ್ಳಿ, ಹೊಟ್ಟೆಯಲ್ಲಿ ಸ್ವಲ್ಪ ಹೆಚ್ಚು ಮದ್ದು ಹಿಡಿಯುವ ಹಾಗೆ ಮಾಡಿದ್ದರು. ತಮ್ಮ ರೈಫಲ್ಲಿನಲ್ಲಿ ಕಾಡತೂಸು ಕೂರುವ ಗೂಡನ್ನು ಅದಕ್ಕೆ ಹೊಂದುವಂತೆ ತಾವೇ ಕೊರೆದುಕೊಂಡಿದ್ದರು. ಹೀಗೆ ಯಾರದೋ ಮನೆಯ ಹಿಂದಿನ ಶೆಡ್ಡಿನಲ್ಲಿ ಹುಟ್ಟಿ, ಯಾವ ಪಟ್ಟಿಯಲ್ಲೂ ಸೇರದ ಕಾಡತೂಸುಗಳಿಗೆ ಇಂಗ್ಲಿಷಿನವರು ವೈಲ್ಡ್‌ಕ್ಯಾಟ್ ಅನ್ನುತ್ತಾರೆ, ಕಾಡುಬೆಕ್ಕು. ಇಪ್ಪತ್ತು ವರ್ಷ ಅದರಲ್ಲೇ ಬೇಟೆಯಾಡಿದ್ದರು. ಆದರೆ ಪ್ರತಿ ಕೇಸಿನ ತಳದಲ್ಲೂ ಒತ್ತಿರುತ್ತಿದ್ದುದು ಹಳೆಯ ಕಾಡತೂಸಿನ ಹೆಸರೇ.

"ನಿನಗೆ ಇಲ್ಲಿಯ ಪರ್ಸೂನ್‌ನುಮ್ಮರ್ ಎಷ್ಟು ದಿನಕ್ಕೆ ಸಿಕ್ಕಿತು?" ಎಂದು ಒಮ್ಮೆ ಕೇಳಿದರು. ಅದು ಆ ದೇಶದಲ್ಲಿ ಮನುಷ್ಯನಿಗೆ ಕೊಡುವ ನಂಬರು. ಅದಿಲ್ಲದೆ ಬ್ಯಾಂಕಿನವನೂ ಮಾತಾಡಿಸುವುದಿಲ್ಲ.

"ಆರು ವಾರ," ಎಂದೆ.

"ಅದೃಷ್ಟವಂತೆ. ನನ್ನದಕ್ಕೆ ಇಪ್ಪತ್ತು ವರ್ಷವಾದರೂ ಬಂದಿಲ್ಲ," ಎಂದು ಕೇಸಿನ ತಳ ತೋರಿಸಿ ನಕ್ಕರು. ಮತ್ತೆ ಗಂಭೀರವಾಗಿ, "ನಾನು ನಿವೃತ್ತಿಯಾಗಿ ಮನೆಗೆ ಹೋಗುವ ಮೊದಲು ಇದರದೇ ಹೆಸರು ಒತ್ತಿದ ಒಂದು ಕೇಸು ಈ ಫ್ಯಾಕ್ಟರಿಯಿಂದ ಹೊರಗೆ ಬರುವುದನ್ನು ನೋಡಬೇಕು," ಎಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದನೆಯ ವಾಕ್ಯ ಅದು.

ನಾನು ಟೊಂಕ ಕಟ್ಟಿ ನಿಂತೆ. ಜನವರಿಯಲ್ಲಿ ಮ್ಯಾನೇಜರನ್ನು ಕೇಳಿದಾಗ ಅವರು, "ಬೇರೆ ಕೆಲಸಕ್ಕೆ ತೊಂದರೆಯಾಗದ ಹಾಗೆ ಪರೀಕ್ಷೆ ಮಾಡು, ಮೇ ತಿಂಗಳ ಮೀಟಿಂಗಿಗೆ ತಾ," ಎಂದರು. ಗುಂಡು ಹಾರಿಸಿ ಒತ್ತಡ ಅಳೆಯುವ ಸುರಂಗ ದಿನವಿಡೀ ಬಿಡುವಿಲ್ಲದೆ ಓಡುತ್ತಿತ್ತು. ಅದು ಖಾಲಿ ಬೀಳುತ್ತಿದ್ದುದು ಎರಡೇ ಹೊತ್ತು, ಎಲ್ಲರೂ ಫಿಕಾಕ್ಕೆ ಕೂತಾಗ. ಸರಿ, ಅವರು ಬನ್ನು ತಿನ್ನಲಿ, ನಾನು ಕೆಲಸ ಮಾಡುತ್ತೇನೆ ಎಂದುಕೊಂಡೆ. ಹಿರಿಯರು ಲ್ಯಾಬಿಗೆಂದೇ ತಮ್ಮ ಕಾಡತೂಸಿಗೆ ಹೊಂದುವ ಬಂದೂಕಿನ ನಳಿಗೆಯೊಂದನ್ನು ಕೊರೆದುಕೊಟ್ಟರು. ದಿನಕ್ಕೆ ಎರಡು ಸಲ, ಒಂದೊಂದು ಸಲ ಹತ್ತು ಗುಂಡು. ಹಾರಿಸುವುದು, ಬರೆದುಕೊಳ್ಳುವುದು. ಫೆಬ್ರವರಿ, ಮಾರ್ಚ್, ಏಪ್ರಿಲ್ ಹಾಗೇ ಕಳೆದವು. ಅಷ್ಟು ತಿಂಗಳಲ್ಲಿ ಒಂದು ದಿನವೂ ಆ ಮೇಜಿಗೆ ಹೋಗಲಿಲ್ಲ. ಇದನ್ನು ಆಗ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಸುರಂಗದಿಂದ ಸೀಟಿಗೆ ವಾಪಸು ಬರುವಷ್ಟರಲ್ಲಿ ಕೀಬೋರ್ಡಿನ ಪಕ್ಕ, ಕಾಗದದ ಕರವಸ್ತ್ರದಲ್ಲಿ ಸುತ್ತಿದ ಒಂದು ಬನ್ನು ಇರುತ್ತಿತ್ತು. ಇಡುತ್ತಿದ್ದವರು ಹಿರಿಯರೇ. ಎಷ್ಟೋ ಸಲ ಬಾಗಿಲಲ್ಲಿ ನಿಂತು, "ಬಂದು ಸ್ವಲ್ಪ ಹೊತ್ತು ಕೂತುಕೋ," ಎಂದು ಕರೆದಿದ್ದರು.

"ನಿಮ್ಮ ಕೆಲಸವೇ ಮಾಡ್ತಾ ಇದ್ದೀನಲ್ಲ, ಕೂರೋಕೆ ಎಲ್ಲಿದೆ ಟೈಮು?" ಎಂದು ನಾನು ಕಣ್ಣೆತ್ತದೆ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು. ವಯಸ್ಸಾದವರ ಅಕ್ಕರೆ, ಹುಡುಗಿ ಹಸಿದಿರುತ್ತಾಳೆ ಅಂತ ಇಡುತ್ತಾರೆ ಎಂದುಕೊಂಡು, ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತ ಬನ್ನು ತಿಂದು ಮುಗಿಸುತ್ತಿದ್ದೆ.

ಮೇ ಬಂತು. ಅರವತ್ತೆರಡು ಸ್ಲೈಡು ಮಾಡಿದ್ದೆ. ನಮ್ಮೂರಿನವರ ಪೈಕಿ ಯಾರನ್ನೇ ಕೇಳಿ, ಮೀಟಿಂಗ್ ಅಂದರೆ ಅಖಾಡ. ಅಲ್ಲೇ ವಾದ, ಅಲ್ಲೇ ತೀರ್ಪು. ತಯಾರಾಗಿ ಬಂದವರು ಗೆಲ್ಲುತ್ತಾರೆ. ಹಿರಿಯರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರು.

ಎಲ್ಲರೂ ಸದ್ದಿಲ್ಲದೆ ಕೇಳಿದರು. ಆಮೇಲೆ ಉತ್ಪಾದನೆಯ ಮುಖ್ಯಸ್ಥ ಮೆಲ್ಲಗೆ, "ಹೊಸ ಕೇಸು ಅಂದರೆ ಹೊಸ ಅಚ್ಚುಗಳ ಒಂದು ಸಾಲೇ ಬೇಕು, ಲೈನು ನಿಲ್ಲಿಸಬೇಕಾಗುತ್ತದೆ," ಎಂದ. ಬೇಕಿಲ್ಲ, ಕೊನೆಯ ಎರಡು ಅಚ್ಚು ಬದಲಾಯಿಸಿದರೆ ಸಾಕು, ಅಲ್ಲಿಯವರೆಗೆ ಇದೂ ಹಳೆಯದೂ ಒಂದೇ ಎಂದು ನಲವತ್ತೊಂದನೆಯ ಸ್ಲೈಡು ತೋರಿಸಿದೆ. "ಓ, ಇದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು," ಎಂದ. ಮಾರಾಟದ ಹೆಂಗಸು, "ರೈಫಲ್ ಮಾಡುವವರು ಮೊದಲು ಕಾಡತೂಸು ಅಂಗಡಿಗೆ ಬರಲಿ ಅನ್ನುತ್ತಾರೆ. ನಾವು ಮೊದಲು ರೈಫಲ್ ಬರಲಿ ಅನ್ನುತ್ತೇವೆ," ಎಂದರು. ಮನೆಮನೆಯಲ್ಲೂ ಇರುವ ಹಳೆಯ ರೈಫಲ್ಲಿನ ಗೂಡನ್ನೇ ಕೊರೆಸಿಕೊಳ್ಳಬಹುದು, ಆಮೇಲೂ ಅದರಲ್ಲಿ ಹಳೆಯ ಕಾಡತೂಸು ಹಾರುತ್ತದೆ ಎಂದೆ. ಗುಣಮಟ್ಟ ನೋಡುತ್ತಿದ್ದ, ನನ್ನದೇ ವಯಸ್ಸಿನ ಹುಡುಗಿ, "ಅವರು ತಮ್ಮ ಒಂದು ರೈಫಲ್ಲಿಗೆ ಹೊಂದಿಸಿಕೊಂಡಿದ್ದಾರೆ. ನಾವು ಮಾರಿದರೆ ಅದು ತುಕ್ಕು ಹಿಡಿದ ರೈಫಲ್ಲಿಗೂ ಹೋಗುತ್ತದೆ," ಎಂದಳು. ಒತ್ತಡವನ್ನು ಹಳೆಯ ಕಾಡತೂಸಿನ ಮಿತಿಯೊಳಗೇ ಇಟ್ಟಿದ್ದೇನೆ ಎಂದೆ.

"ಹಾಗಿದ್ದರೆ ಮೂಸಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ?" ಎಂದು ಮಾರಾಟದ ಹೆಂಗಸು ಕೇಳಿದರು. ಯಾರೋ ಸಣ್ಣಗೆ ನಕ್ಕರು. ಅದೊಂದಕ್ಕೆ ನನ್ನ ಹತ್ತಿರ ಸ್ಲೈಡು ಇರಲಿಲ್ಲ.

"ಎಲ್ಲರೂ ಒಪ್ಪಿದ್ದೇವೆ ಎಂದು ಕಾಣುತ್ತದೆ," ಎಂದು ಮ್ಯಾನೇಜರ್ ಫೈಲು ಮುಚ್ಚಿದರು. ನಾನು ರೇಗಿದೆ. "ಏನು ಒಪ್ಪಿದ್ದೀರಿ? ಚರ್ಚೆಯೇ ಆಗಲಿಲ್ಲವಲ್ಲ!" ಎಂದು ದನಿ ಏರಿಸಿದೆ. ಆ ಕೋಣೆಯಲ್ಲಿ ಯಾರೂ ಎಂದೂ ಜೋರಾಗಿ ಮಾತಾಡಿರಲಿಲ್ಲವೇನೋ, ಎಲ್ಲರೂ ಮೇಜು ನೋಡತೊಡಗಿದರು. ಹಿರಿಯರೂ ಮೇಜನ್ನೇ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

ಸಂಜೆ ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಗುಣಮಟ್ಟದ ಹುಡುಗಿ ಹತ್ತಿರ ಬಂದಳು. "ನೀನು ಯಾಕೆ ಅಷ್ಟು ಸಿಟ್ಟಾದೆ? ಇದು ಬೇಡವೆಂದು ಮಾರ್ಚಿನಲ್ಲೇ ತೀರ್ಮಾನವಾಗಿತ್ತಲ್ಲ," ಎಂದಳು.

"ಎಲ್ಲಿ?"

"ಫಿಕಾದಲ್ಲಿ." ಅದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ನನ್ನ ಮುಖ ನೋಡಿದಳು. "ವಾರಗಟ್ಟಲೆ ಅದೇ ಮಾತು ನಡೆಯಿತು. ಅಚ್ಚಿನ ವಿಷಯ, ರೈಫಲ್ಲಿನ ವಿಷಯ. ಪಾಪ, ಟೂಲ್‌ರೂಮಿನ ಅವರಿಗೆ ನಮ್ಮ ಜೊತೆ ವಾದ ಮಾಡೋಕೆ ಬರಲ್ಲ. ಸ್ವಲ್ಪ ತಡೀರಿ, ಅವಳು ಬಂದು ಹೇಳ್ತಾಳೆ, ಅವಳ ಹತ್ರ ಲೆಕ್ಕ ಇದೆ ಅಂತಿದ್ದರು. ಪಕ್ಕದಲ್ಲಿ ನಿನಗೆ ಅಂತ ಒಂದು ಕುರ್ಚಿ ಹಿಡಿದಿರ್ತಿದ್ದರು. ನಾವೂ ಕಾದೆವು. ನೀನು ಬರಲೇ ಇಲ್ಲ. ಆಮೇಲೆ ಅವರು ನಿನ್ನ ಬನ್ನನ್ನು ಸುತ್ತಿಕೊಂಡು ಎದ್ದು ಹೋಗ್ತಿದ್ದರು. ನಿನಗೇ ಅದರಲ್ಲಿ ನಂಬಿಕೆ ಇಲ್ಲವೇನೋ ಅಂದುಕೊಂಡೆವು."

ನಾನು ಸೈಕಲ್ಲಿಗೆ ಮತ್ತೆ ಬೀಗ ಹಾಕಿ ನಡೆದೇ ಮನೆಗೆ ಹೊರಟೆ. ಮೂರು ತಿಂಗಳು ದಿನಕ್ಕೆರಡರಂತೆ ತಿಂದ ಬನ್ನುಗಳನ್ನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಅಲ್ಲಿ ಕೂತಿದ್ದವರೆಲ್ಲರ ಮೇಲೂ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆ ಮೇಜಿನಿಂದ ನನ್ನ ಲ್ಯಾಬಿಗೆ ಐವತ್ತು ಹೆಜ್ಜೆ. ಅಷ್ಟು ಜನ ವಿದ್ಯಾವಂತರಲ್ಲಿ ಒಬ್ಬರಾದರೂ ಬಂದು, "ತಾಯಿ, ಇಲ್ಲಿ ನಿನ್ನ ಕಾಡತೂಸಿನ ಉತ್ತರಕ್ರಿಯೆ ನಡೆಯುತ್ತಿದೆ, ಬಾ," ಎನ್ನಬಾರದಿತ್ತೇ? ಮೀಟಿಂಗಿಗೆ ಬಿಟ್ಟುಕೊಂಡು, ಹೆಣಕ್ಕೆ ಔಷಧಿ ಹಾಕುವುದನ್ನು ನೋಡುತ್ತ ಕೂತಿದ್ದರಲ್ಲ! ಅಷ್ಟು ಮೆತ್ತಗಿನ ಮರ್ಯಾದೆ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಹೋಗಿ ಕೂತಿದ್ದರೆ ಗೆಲ್ಲುತ್ತಿತ್ತೇ? ಬಹುಶಃ ಇಲ್ಲ. ಇಂಥವು ಬಹುತೇಕ ಗೆಲ್ಲುವುದಿಲ್ಲ. ಬೇಟೆಗಾರ ಅಪ್ಪ ಕೊಂಡ ಪೆಟ್ಟಿಗೆಯನ್ನೇ ಕೊಳ್ಳುತ್ತಾನೆ, ಅಂಗಡಿಯವನು ಅವನು ಕೇಳಿದ್ದನ್ನೇ ತರಿಸುತ್ತಾನೆ, ಮೂಸು ಯಾವುದಕ್ಕಾದರೂ ಬೀಳುತ್ತದೆ. ಎಂಜಿನಿಯರಾಗಿ ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಇದರ ವಿಷಯದಲ್ಲಿ ಆ ಕಾರಣಗಳಿಗೆ ಎದುರು ಮಾತು ಹೇಳಲು ಯಾರೂ ಇರಲಿಲ್ಲ. ಇರಬೇಕಾದವಳು ಐವತ್ತು ಹೆಜ್ಜೆ ದೂರದಲ್ಲಿ ಅದಕ್ಕಾಗಿಯೇ ದುಡಿಯುತ್ತಿದ್ದೇನೆಂದು ಬೀಗುತ್ತಿದ್ದಳು.

ಮಾರನೆಯ ದಿನ ಟೂಲ್‌ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಕೈ ಒರೆಸಿಕೊಂಡು, "ನೀನು ಚೆನ್ನಾಗಿ ಅಳೆದಿದ್ದೀಯ," ಎಂದರು, ಅಷ್ಟೇ. ಏನಾದರೂ ಮಾಡಲೇಬೇಕು ಎನ್ನಿಸಿ, "ಹೆಸರಿನ ಮುದ್ರೆಯನ್ನು ನಾವೇ ಕೆತ್ತೋಣ, ಒಂದೇ ಒಂದು ಕೇಸಿಗೆ ಒತ್ತೋಣ," ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮುದ್ರೆ ಕೆತ್ತುವವನು ನಾನೇ ಅಲ್ಲವಾ? ಬೇಕಿದ್ದರೆ ಇಪ್ಪತ್ತು ವರ್ಷದ ಹಿಂದೆಯೇ ಒತ್ತಿಕೊಳ್ಳಬಹುದಿತ್ತು. ನಾನೇ ಒತ್ತಿದರೆ ಅದು ಹೆಸರಲ್ಲ."

ಈಗ ಬೇರೆ ಕಡೆ ಕೆಲಸ ಮಾಡುತ್ತೇನೆ. ಫಿಕಾಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತೇನೆ. ಆ ನೀರು ಕಾಫಿ ಕುಡಿಯುತ್ತೇನೆ, ಹಿಮದ ಬಗ್ಗೆ ನನಗೂ ಅಭಿಪ್ರಾಯಗಳಿವೆ. ಮೀಟಿಂಗಿನಲ್ಲಿ ನನ್ನ ಮಾತು ಸಲೀಸಾಗಿ ನಡೆಯುತ್ತದೆ, ಐದು ಸ್ಲೈಡು ಸಾಕು. ಕಲಿತದ್ದೇನೋ ಹೌದು, ಆ ಹಿರಿಯರ ಖರ್ಚಿನಲ್ಲಿ.

ಆ ವರ್ಷದ ಜೂನಿನ ಮೂರನೆಯ ವಾರ ಅವರ ಬೀಳ್ಕೊಡುಗೆಯ ಫಿಕಾ. ಆವತ್ತು ಸುರಂಗಕ್ಕೆ ಬೀಗ ಹಾಕಿ ಹೋದೆ. ಮೇಜಿನ ಸುತ್ತ ಜನವೋ ಜನ. ಅವರ ಪಕ್ಕದ ಕುರ್ಚಿಯಲ್ಲಿ ಮ್ಯಾನೇಜರ್ ಕೂತಿದ್ದರು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತೆ. ಹಾಡಾಯಿತು, ಹೂವಾಯಿತು, ಕೇಕು ಕತ್ತರಿಸಿದ್ದಾಯಿತು. ಅವರು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ಒಂದು ತುಂಡು ಕೇಕನ್ನು ಕಾಗದದ ಕರವಸ್ತ್ರದಲ್ಲಿ ನೀಟಾಗಿ ಸುತ್ತಿ ನನ್ನ ಕೈಗಿಟ್ಟರು.

"ತೆಗೆದುಕೊಂಡು ಹೋಗು," ಎಂದರು, ದನಿಯಲ್ಲಿ ಒಂದಿಷ್ಟೂ ಕೊಂಕಿಲ್ಲದೆ. "ನಿನಗೆ ಕೆಲಸ ಇರುತ್ತದೆ."