ಪಪ್ಪ ಒತ್ತದ ಗುಂಡಿ

ಡೊಂಬಿವಲಿಯ ಪ್ರೇಮನಾಥರು ಠಾಣೆ ಪಟ್ಟಣದ ಹೋಟೆಲೊಂದರ ಹಣದ ಗಲ್ಲೆಯಲ್ಲಿ ಕೂತು ತಲೆ ನರೆಸಿಕೊಂಡವರು. ಗಿರಾಕಿ ದೂರು ಕೊಟ್ಟರೆ ಮಾಣಿಯ ಗಂಟಲಲ್ಲಿ ಅಂದಿನ ಅನ್ನ ಇಳಿಯದೆಂದು ಕಣ್ಣಾರೆ ಕಂಡವರು. ಆದ್ದರಿಂದ ಎಲ್ಲಿಗೆ ಉಣ್ಣಲು ಹೋದರೂ, ಸಾಂಬಾರಿನಲ್ಲಿ ನೊಣ ತೇಲಿದರೂ ಅವರ ಬಾಯಲ್ಲಿ ಬರುವುದು "ಲಾಯ್ಕುಂಟು" ಎಂಬ ಒಂದೇ ಮೆಚ್ಚುಗೆಯ ಮಾತು.

ಮಗಳು ರಮಿತಾ ವಾಶಿಯ ಸಣ್ಣ ಕಂಪನಿಯಲ್ಲಿ, ಹಿರಿಯರಿಗೆ ಮಾತ್ರೆ ನೆನಪಿಸುವ ಆ್ಯಪ್ ಕಟ್ಟಿದವಳು. ಅದು ಈಚೆಗೆ ತಟ್ಟನೆ ಮುಚ್ಚಿಹೋಗುತ್ತಿತ್ತು, ಮಾತ್ರೆ ತೆಗೆದುಕೊಂಡ ಗುರುತೂ ಅಳಿಸಿಹೋಗುತ್ತಿತ್ತು. ಮರೆತು ಮತ್ತೊಮ್ಮೆ ನುಂಗಿದವರ ಗತಿಯೇನು? ಕೆಟ್ಟಾಗ ತಾನಾಗಿ ಬರುವ ವರದಿಯಲ್ಲಿ ಎಲ್ಲಿ ಕೆಟ್ಟಿತೆಂದಿತ್ತೇ ಹೊರತು ಯಾಕೆಂದಿರಲಿಲ್ಲ. ಅದಕ್ಕೇ ಅವಳು, ಬಳಸುವವರು ಒಪ್ಪಿ ಕಳಿಸಿದರೆ ಕೆಡುವ ಮೊದಲು ಏನೇನು ಒತ್ತಿದರೆಂಬುದೂ ಬರುವಂಥ ಇನ್ನೊಂದು ವರದಿ ಮಾಡಿದಳು. ಜನ ತಮ್ಮದೇ ಮಾತಲ್ಲಿ ಬರೆಯಲು ಜಾಗವಿಟ್ಟಳು. ಏನಿಟ್ಟರೇನು, ಕಳಿಸುವವರೇ ಇಲ್ಲ! ಶನಿವಾರದೊಳಗೆ ಕಾರಣ ಸಿಗದಿದ್ದರೆ ಆ್ಯಪ್ ನಿಲ್ಲಿಸುವುದೆಂದು ಯಜಮಾನ ಮಧ್ವರಾಜರು ಹೇಳಿಬಿಟ್ಟರು.

ಶುಕ್ರವಾರ ಸಂಜೆ ಚಹಾ ಕುಡಿಯುವಾಗ ನೋಡುತ್ತಾಳೆ, ಪಪ್ಪನ ಫೋನಿನಲ್ಲೇ ಆ್ಯಪ್ ಮುಚ್ಚಿಕೊಂಡಿತು. "ವರದಿ ಕಳಿಸಲೇ?" ಎಂಬ ಪ್ರಶ್ನೆ ಬಂತು. ಪಪ್ಪ ಪಳಗಿದ ಬೆರಳಲ್ಲಿ "ಬೇಡ" ಎಂದು ಒತ್ತಿದರು.

"ಪಪ್ಪಾ! ಯಾವಾಗಿಂದ ಹೀಗೆ?"

"ಅದು ಸ್ವಲ್ಪ ಇರ್ತದೆ ಮಗಾ. ದೊಡ್ಡ ಸಂಗತಿ ಅಲ್ಲ."

"ಮತ್ತೆ ರಿಪೋರ್ಟ್ ಯಾಕೆ ಕಳಿಸ್ಲಿಲ್ಲ?"

ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನ ಮೇಲೆ ನಾನೇ ಕಂಪ್ಲೇಂಟ್ ಕೊಡುದಾ? ನಿನ್ನ ಧಣಿಗಳು ನೋಡಿದ್ರೆ?"

ರಮಿತಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಊರವರನ್ನೆಲ್ಲ ಕೇಳಿದವಳು ಮನೆಯಲ್ಲಿದ್ದವರನ್ನು ಕೇಳಿರಲಿಲ್ಲ.

"ಅದು ಕಂಪ್ಲೇಂಟ್ ಅಲ್ಲ ಪಪ್ಪಾ. ಎಲ್ಲಿ ಎಡವಿದೆ ಅಂತ ನಂಗೆ ಹೇಳೋದು, ಅಷ್ಟೆ."

ಆ ರಾತ್ರಿಯ ಮಾತ್ರೆಯ ಹೊತ್ತಿಗೆ ಆ್ಯಪ್ ಮತ್ತೆ ಕೆಟ್ಟಿತು. ಪಪ್ಪ ಬಾಗಿಲು ಮುಂದೆ ಮಾಡಿಕೊಂಡು ಏನೋ ಬರೆದು, ಕಳಿಸಿದರು.

ಬೆಳಿಗ್ಗೆ ಆಫೀಸಿನಲ್ಲಿ ವರದಿ ತೆರೆದರೆ, "ತೆಗೆದುಕೊಂಡೆ" ಗುಂಡಿಯನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಒತ್ತಿದ್ದೂ, ಎರಡನೆಯದಕ್ಕೇ ಆ್ಯಪ್ ಕೆಟ್ಟದ್ದೂ ಕಂಡಿತು. ನೋಟನ್ನು ಎರಡೆರಡು ಸಲ ಎಣಿಸಿದ ಗಲ್ಲೆಯ ಕೈ ಅದು, ಒಂದು ಒತ್ತಿಗೆ ನಂಬುವುದುಂಟೇ? ರಮಿತಾ ಒಂದೇ ಸಲ ಒತ್ತಿ ಪರೀಕ್ಷಿಸಿದ್ದಳು. ಮಧ್ಯಾಹ್ನದೊಳಗೆ ಅದು ಸರಿಹೋಯಿತು, ಆ್ಯಪ್ ಉಳಿಯಿತು. "ವರದಿ ಕಳಿಸಲೇ?" ಎಂಬುದರ ಕೆಳಗೆ ಅವಳು "ಇದು ದೂರಲ್ಲ, ಸಹಾಯ" ಎಂದು ಸೇರಿಸಿದಳು.

ಪಪ್ಪ ಬರೆದದ್ದನ್ನು ಮಾತ್ರ ಮಧ್ವರಾಜರು ಎರಡು ಸಲ ಓದಿದರು: "ಖಾತ್ರಿಗೆ ಅಂತ ಇನ್ನೊಮ್ಮೆ ಒತ್ತಿದ್ದು ನಾನು. ಹುಡುಗಿಯದ್ದು ತಪ್ಪಿಲ್ಲ. ಅವಳಿಗೆ ಬೈಯಬೇಡಿ."