ದಾಲಿಬೋರ್ ಕೆಡಿಸಿದ ಆಟ

ದಾಲಿಬೋರ್ ಮತ್ತು ನಾನು ಓಸ್ತ್ರಾವಾ ನಗರದ ಟ್ರಾಮ್ ಡಿಪೋದಲ್ಲಿ ಹತ್ತೊಂಬತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದವರು. ನನ್ನದು ಚಕ್ರ, ಬ್ರೇಕು, ಅವನದು ವೈರಿಂಗ್. ಮದುವೆಯಾಗದ, ಮಾತು ಕಡಿಮೆಯ ಮನುಷ್ಯ. ಊಟದ ಬಿಡುವಿನಲ್ಲಿ ನಾವೆಲ್ಲ ಫುಟ್‌ಬಾಲಿನ ಮೇಲೆ ಕಿತ್ತಾಡುತ್ತಿದ್ದರೆ ಅವನು ಸೂಪು ಆರುವುದಕ್ಕೆ ಬಿಟ್ಟು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ.

ಅವನು ಗೀಚುತ್ತಿದ್ದುದು ತನ್ನ ಪ್ರೋಗ್ರಾಮಿಗೆ ಬೇಕಾದ್ದನ್ನು. ಇಪ್ಪತ್ತೈದು ವರ್ಷದ ಹಿಂದಿನ ಕಂಪ್ಯೂಟರ್ ಆಟಗಳು ಆ ಕಾಲದ ಗ್ರಾಫಿಕ್ಸ್ ಕಾರ್ಡುಗಳ ಜೊತೆಗಷ್ಟೇ ಮಾತಾಡಬಲ್ಲವು. ಈಗಿನ ಕಾರ್ಡುಗಳಿಗೆ ಆ ಭಾಷೆ ತಿಳಿಯದು. ಅವನ ಪ್ರೋಗ್ರಾಂ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಿತ್ತು.

"ಹೆಣಕ್ಕೆ ಹೊಸ ಬಟ್ಟೆ ಹಾಕ್ತಾ ಕೂತಿದೀಯಲ್ಲೋ" ಎಂದು ಒಮ್ಮೆ ರೇಗಿಸಿದ್ದೆ.

"ಹೆಣ ಅಲ್ಲ ಅದು. ಮಾತು ಅರ್ಥ ಆಗ್ದೆ ಸುಮ್ನೆ ನಿಂತಿರುತ್ತೆ ಅಷ್ಟೆ" ಎಂದಿದ್ದ.

ಒಂದು ಮಾರ್ಚ್‌ನಲ್ಲಿ ಓಪಾವಾ ಊರಿನಿಂದ ವೆಂದುಲಾ ಎಂಬ ಹೆಂಗಸಿನ ಪತ್ರ ಅವನಿಗೆ ಬಂತು. ಅವಳ ಗಂಡ ಹಿನೆಕ್ ತೊಂಬತ್ತೆಂಟರಲ್ಲಿ ತನ್ನ ಗೆಳೆಯ ಓಟಿಕ್ ಜೊತೆ ಸೇರಿ ಒಂದು ಆಟ ಮಾಡಿದ್ದನಂತೆ. ಹೆಸರು 'ಏಳನೇ ಗಣಿ'. ಕುಸಿದ ಕಲ್ಲಿದ್ದಲ ಗಣಿಯೊಳಗೆ ಸಿಕ್ಕಿಬಿದ್ದವರನ್ನು ಹುಡುಕಿ ಹೊರತರುವ ಆಟ. ಈಗ ಹಿನೆಕ್‌ಗೆ ಐವತ್ತಾರು. ಮರೆವಿನ ಕಾಯಿಲೆ ಹಿಡಿದಿದೆ. ದಿನವೂ ಆ ಆಟ ಕೇಳುತ್ತಾನೆ. ಹಳೆಯ ಕಂಪ್ಯೂಟರ್ ಸುಟ್ಟುಹೋಗಿದೆ, ಹೊಸದರಲ್ಲಿ ಬರೀ ಕಪ್ಪು ಪರದೆ. ನಿಮ್ಮಿಂದ ಏನಾದರೂ ಆದೀತೇ ಎಂದು ಕೇಳಿದ್ದಳು.

ದಾಲಿಬೋರ್‌ಗೆ ಕಾರು ಓಡಿಸಲು ಬಾರದು. ಹಾಗಾಗಿ ಶನಿವಾರ ಬೆಳಗ್ಗೆ ನಾನೇ ಕರೆದುಕೊಂಡು ಹೋದೆ. ಬಾಗಿಲಲ್ಲೇ ಮನೆಯೊಳಗೆ ಹಾಕುವ ಚಪ್ಪಲಿ ಕೊಟ್ಟು ವೆಂದುಲಾ ಮೆಲ್ಲಗೆ ಹೇಳಿದಳು: "ದಾಲಿಬೋರ್ ಅವರೇ, ಒಂದು ವಿಷಯ. ಓಟಿಕ್ ಬಗ್ಗೆ ಕೇಳಿದ್ರೆ ಊರಲ್ಲಿಲ್ಲ ಅನ್ನಿ. ಕಾರು ಮರಕ್ಕೆ ಗುದ್ದಿ ಸತ್ತು ಇಪ್ಪತ್ತು ವರ್ಷ ಆಯ್ತು. ಇಬ್ಬರೂ ಜಗಳ ಆಡಿ ಮಾತು ಬಿಟ್ಟಿದ್ರು. ಇವರಿಗೆ ಜಗಳ ನೆನಪಿದೆ. ಸಾವು ನೆನಪಿಲ್ಲ."

ಹಿನೆಕ್ ದೊಡ್ಡ ಆಳು. ಗಡ್ಡವನ್ನು ನೀಟಾಗಿ ಕತ್ತರಿಸಿದ್ದರು. "ನೀವು ಗೀವು ಎಲ್ಲ ಬೇಡ ಮಾರಾಯ, ಹಿನೆಕ್ ಅನ್ನು ಸಾಕು" ಎಂದು ದಾಲಿಬೋರ್‌ನ ಕೈ ಕುಲುಕಿದ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದು ಅದನ್ನೇ ಹೇಳಿ ಕೈ ಕುಲುಕಿದ.

ಮೇ ಹೊತ್ತಿಗೆ ಪರದೆಯ ಮೇಲೆ ಚಿತ್ರ ಬಂತು. ಆದರೆ ಗಣಿಯೊಳಗಿನ ಧೂಳು ಕಾಣಲಿಲ್ಲ. ಆಟದ ಜೀವವೇ ಆ ಧೂಳು. ಅದು ಇಲ್ಲದೆ ಸುರಂಗದ ಕೊನೆಯವರೆಗೂ ಹಗಲಿನಷ್ಟು ನಿಚ್ಚಳ. ಸಿಕ್ಕಿಬಿದ್ದವರೆಲ್ಲ ಗೋಡೆಯುದ್ದಕ್ಕೂ ಗೊಂಬೆಗಳ ಹಾಗೆ ಸಾಲಾಗಿ ನಿಂತಿದ್ದರು. ಹಿನೆಕ್ ನೋಡಿ ಮುಖ ತಿರುಗಿಸಿದ. "ಬಟ್ಟೆ ಬಿಚ್ಚಿ ಬೀದೀಲಿ ನಿಲ್ಲಿಸಿದ ಹಾಗಿದೆ. ಇದು ನಮ್ಮದಲ್ಲ."

ದಾಲಿಬೋರ್ ಐದು ವಾರ ಹುಡುಕಿದ. ಧೂಳು ಎಲ್ಲಿಂದ ಬರಬೇಕು ಎಂಬುದೇ ತಿಳಿಯಲಿಲ್ಲ. ಬರೆದವನು ಎದುರಿಗೇ ಕೂತಿದ್ದ, ಆದರೆ ಅವನಿಗೆ ಬೆಳಗಿನ ತಿಂಡಿಯೇ ನೆನಪಿರುತ್ತಿರಲಿಲ್ಲ. ಪ್ರತಿ ಶನಿವಾರ ದಾಲಿಬೋರ್‌ನ ಅದೇ ಪ್ರಶ್ನೆ, ಹಿನೆಕ್‌ನ ಅದೇ ಬೆಪ್ಪು ನಗು. ಜೂನ್ ಕೊನೆಯ ಒಂದು ಬೆಳಗ್ಗೆ, ವೆಂದುಲಾ ಕೊಟ್ಟ ಪ್ಲಮ್ ಹಣ್ಣಿನ ರೊಟ್ಟಿ ತಿನ್ನುತ್ತಿದ್ದ ಹಿನೆಕ್ ಇದ್ದಕ್ಕಿದ್ದಂತೆ ಬಾಯೊರೆಸಿಕೊಂಡು ಹೇಳಿದ:

"ಸಿಸ್ಟಮ್ಮನ್ನ ಕೇಳಲೇ ಇಲ್ಲ ನಾವು. ನಿಧಾನ ಆಗೋದು. ಓಟಿಕ್ ಅಂದ, ಕೇಳೋದ್ಯಾಕೆ, ನೇರ ಕಾರ್ಡಿನ ಹೊಟ್ಟೆಗೇ ಕೈ ಹಾಕೋಣ ಅಂತ. ಧೂಳನ್ನ ಅಲ್ಲೇ ಬರೆದ್ವಿ. ಎಷ್ಟು ದೂರಕ್ಕೆ ಎಷ್ಟು ದಟ್ಟ ಅಂತ ಅರವತ್ತನಾಲ್ಕು ಅಂಕಿ."

ದಾಲಿಬೋರ್ ತಟ್ಟೆ ಕೆಳಗಿಟ್ಟ. ಮರಳುವಾಗ ಕಾರಿನಲ್ಲಿ ನೋಟ್‌ಬುಕ್ಕು ತೆಗೆದು ಗೀಚುತ್ತಾ ಕೂತ. ಮುಖ ಕೆಂಪಾಗಿತ್ತು. ಅವನ ಪ್ರೋಗ್ರಾಂ ಆಟ ಬಾಯಿಬಿಟ್ಟು ಕೇಳಿದ್ದನ್ನಷ್ಟೇ ತಲುಪಿಸುತ್ತಿತ್ತು. ಈ ಆಟ ಕೇಳದೆಯೇ ಕೈ ಹಾಕುತ್ತಿತ್ತು. ಆ ಕೈಯನ್ನು ಹಿಡಿಯಲು ಅವನಿಗೆ ಹನ್ನೆರಡು ದಿನ ಬೇಕಾಯಿತು. ಮುಂದಿನ ಭೇಟಿಯಲ್ಲಿ ಸುರಂಗದ ತುಂಬ ಬೂದು ಧೂಳು ತುಂಬಿತ್ತು. ಹಿನೆಕ್ ಪರದೆಗೆ ಅಂಗೈ ಒತ್ತಿ ಬಹಳ ಹೊತ್ತು ಕೂತ. ವೆಂದುಲಾ ಅಡುಗೆಮನೆಗೆ ಹೋಗಿ ಅತ್ತಳು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಆಟಕ್ಕೆ ದನಿ ಇರಲಿಲ್ಲ. ಹಳೆಯ ರೀತಿಯಲ್ಲಿ ಅಡಕಗೊಳಿಸಿದ ಧ್ವನಿಯನ್ನು ಹೊಸ ಸಿಸ್ಟಮ್ ಬಿಚ್ಚುತ್ತಿರಲಿಲ್ಲ. ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ದಾಲಿಬೋರ್‌ನದಲ್ಲ. ಸೆಪ್ಟೆಂಬರಿನಲ್ಲಿ ಅದನ್ನೂ ಸರಿಮಾಡಿ ತಂದ. ಯಾರ ದನಿ ಎಂದು ನಾವು ಕೇಳಿರಲಿಲ್ಲ, ವೆಂದುಲಾಗೂ ಮರೆತುಹೋಗಿತ್ತು.

ಧೂಳಿನೊಳಗಿಂದ ಒಬ್ಬ ಯುವಕ ಕೂಗಿದ: "ಹಿನೆಕ್! ದೀಪ ಈ ಕಡೆ ಹಿಡಿಯೋ!"

ಆಟದೊಳಗಿನ ರಕ್ಷಣಾ ತಂಡದ ನಾಯಕನ ಮಾತುಗಳನ್ನು ಓಟಿಕ್ ಹೇಳಿದ್ದ. ತಮಾಷೆಗೆ ಗೆಳೆಯನ ಹೆಸರನ್ನೂ ಸೇರಿಸಿದ್ದ.

ಹಿನೆಕ್ ಎದ್ದು ನಿಂತ. ನಗುತ್ತಾ ಪಕ್ಕದ ಕೋಣೆಯ ಬಾಗಿಲು ತೆರೆದ, ಬಚ್ಚಲಿನ ಬಾಗಿಲು ತೆರೆದ, ಬಟ್ಟೆಯ ಬೀರು ತೆರೆದ. "ಓಟಿಕ್! ಎಲ್ಲಿದೀಯೋ? ಬಾರೋ, ತಪ್ಪಾಯ್ತು ಕಣೋ ನಂದು!" ಅವನು ಊರಲ್ಲಿಲ್ಲ ಎಂದಳು ವೆಂದುಲಾ. ಈಗ ತಾನೇ ಕೂಗಿದನಲ್ಲ ಎಂದ. ಮೆಟ್ಟಿಲಿಳಿದು ಬರಿಗಾಲಲ್ಲಿ ಬೀದಿಗೆ ಹೋದ. ನಾನೂ ದಾಲಿಬೋರೂ ಹಿಡಿದು ತಂದೆವು. ಕೊನೆಗೆ ಅವಳು ನಿಜ ಹೇಳಿಯೇಬಿಟ್ಟಳು. ಅಷ್ಟು ದೊಡ್ಡ ಗಂಡಸು ನೆಲದ ಮೇಲೆ ಕೂತು ಅಂದೇ ಸತ್ತವನಿಗೆ ಅಳುವ ಹಾಗೆ ಅತ್ತ. ಮಧ್ಯಾಹ್ನಕ್ಕೆ ಮರೆತ. ಮತ್ತೆ ಆಟ ಕೇಳಿದ.

ಒಂದೇ ವಾರದಲ್ಲಿ ಇದು ನಾಲ್ಕು ಸಲ ನಡೆಯಿತು. ದಾಲಿಬೋರ್ ಕೆಲಸಕ್ಕೆ ರಜೆ ಹಾಕಿ, ರೈಲಿನಲ್ಲಿ ಹೋಗಿ ದನಿಯನ್ನು ತೆಗೆದುಬಂದ. ಚಿತ್ರ, ಧೂಳು ಎಲ್ಲ ಹಾಗೇ ಉಳಿಸಿದ.

ಶನಿವಾರ ಹೋದಾಗ ಹಿನೆಕ್ ಪರದೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. "ಓಟಿಕ್ ಮಾತಾಡ್ತಿಲ್ಲ" ಎಂದ. "ಅವತ್ತು ಮಾತಾಡಿದ್ದ. ಮತ್ತೆ ಕೋಪ ಬಂದಿದೆ ಅವನಿಗೆ. ನಾನೇನು ಅಂದೆ ಅಂತ ನೆನಪಾಗ್ತಿಲ್ಲ." ಊಟ ಬಿಟ್ಟಿದ್ದ. ಯಾವುದನ್ನೂ ಹಿಡಿದಿಡದ ಆ ತಲೆಯಲ್ಲಿ ಆ ಒಂದು ದನಿ ಹೇಗೆ ಉಳಿಯಿತೋ.

ವೆಂದುಲಾ ನಮ್ಮನ್ನು ಅಡುಗೆಮನೆಗೆ ಕರೆದಳು. "ದಾಲಿಬೋರ್ ಅವರೇ, ಕೆಡಿಸಿಬಿಡಿ. ಮೊದಲು ಕಪ್ಪು ಪರದೆ ಬರ್ತಿತ್ತಲ್ಲ, ಹಾಗೇ ಮಾಡಿ. ನಾನೇ ಬೇಡ್ಕೊಂಡು ನಾನೇ ಹೀಗೆ ಹೇಳ್ತಿದೀನಿ, ಕ್ಷಮಿಸಿ."

"ಎರಡು ನಿಮಿಷದ ಕೆಲಸ" ಎಂದ ದಾಲಿಬೋರ್. ಆದರೆ ಅರ್ಧ ಗಂಟೆ ಕೂತಿದ್ದ.

ಆಮೇಲೂ ಅವನು ಹೋಗುವುದನ್ನು ಬಿಡಲಿಲ್ಲ. ಹಿನೆಕ್ ಕಾಯುತ್ತಿದ್ದನಲ್ಲ. ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಮತ್ತೆ ಮುಚ್ಚುತ್ತಿದ್ದ.

"ಏನಾಗಿದೆ ಅದಕ್ಕೆ?" ಎಂದು ಹಿನೆಕ್ ಕೇಳುವನು.

"ಹೊಸ ಕಾರ್ಡು. ಹಳೇ ಆಟದ ಮಾತು ತಿಳೀತಿಲ್ಲ. ಮುಂದಿನ ವಾರ ಸರಿ ಮಾಡ್ತೀನಿ."

"ನಿನ್ನ ಕೈಲಾಗುತ್ತೆ ಬಿಡು. ಬುದ್ಧಿವಂತ ನೀನು" ಎಂದು ಹಿನೆಕ್ ಬೆನ್ನು ತಟ್ಟುವನು. ಕಾರಿಗೆ ಬಂದು ಕೂತ ಮೇಲೆ ದಾಲಿಬೋರ್ ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡು ಓಸ್ತ್ರಾವಾ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ನಲವತ್ತಕ್ಕೂ ಹೆಚ್ಚು ಶನಿವಾರ ಆ ಒಂದೇ ಸುಳ್ಳು ಹೇಳಿದ.

ಮರುವರ್ಷದ ಚಳಿಗಾಲದಲ್ಲಿ ಹಿನೆಕ್‌ನನ್ನು ಆರೈಕೆ ಮನೆಗೆ ಸೇರಿಸಿದರು. ಅಲ್ಲಿ ಆಟವನ್ನೂ ಮರೆತ, ಓಟಿಕ್‌ನನ್ನೂ ಮರೆತ, ಹೆಂಡತಿಯನ್ನೂ ಮರೆತ. ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡ. ಶವಸಂಸ್ಕಾರಕ್ಕೆ ಒಂಬತ್ತು ಜನ ಇದ್ದೆವು.

ಕೇಳದೆ ಕಾರ್ಡಿನೊಳಗೆ ಕೈ ಹಾಕುವ ಚಾಳಿ ಆ ಕಾಲದ ಇನ್ನೂ ಎಷ್ಟೋ ಆಟಗಳಿಗಿತ್ತಂತೆ. ಹಿನೆಕ್ ಹೇಳಿದ ಆ ಗುಟ್ಟಿನಿಂದ ಅವೂ ಸರಿಹೋದವು. ಚಿಲಿಯಿಂದ, ಕೊರಿಯಾದಿಂದ ಜನ ಧನ್ಯವಾದ ಬರೆಯುತ್ತಿದ್ದರು. ದಾಲಿಬೋರ್ ಒಂದಕ್ಕೂ ಉತ್ತರಿಸಲಿಲ್ಲ. ಪ್ರೋಗ್ರಾಮಿಗೆ ಒಂದು ಸಾಲೂ ಹೊಸದಾಗಿ ಸೇರಿಸಲಿಲ್ಲ.

"ಯಾಕೋ, ನೀನೇನು ತಪ್ಪು ಮಾಡ್ದೆ?" ಎಂದು ಒಮ್ಮೆ ಡಿಪೋದಲ್ಲಿ ಕೇಳಿದೆ.

"ಧೂಳು ಬಂದ ದಿನ ಅವನು ಸುಖವಾಗಿದ್ದ" ಎಂದ. "ದನಿ ಬೇಕು ಅಂತ ಯಾರೂ ನನ್ನ ಕೇಳಿರಲಿಲ್ಲ."

ಊಟದ ಗಂಟೆ ಮುಗಿದಿತ್ತು. ಅವನು ಟೆಸ್ಟರ್ ಎತ್ತಿಕೊಂಡು ಎಂಟನೇ ನಂಬರಿನ ಟ್ರಾಮಿನ ಕೆಳಗಿನ ರಿಪೇರಿ ಗುಂಡಿಗಿಳಿದ.