ಖಂಡೆಪ್ಪನ ಆಯೇರಿ

ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ನಮ್ಮದು ಚಾದರದ ಅಂಗಡಿ, ಪಕ್ಕದಲ್ಲೇ ಖಂಡೆಪ್ಪನ ಗ್ಯಾರೇಜು. ಇಪ್ಪತ್ತಾರು ವರ್ಷಗಳ ನೆರೆ. ಕರಜಗಿಯಿಂದ ಬಂದವನು, ಕೈ ಬಂಗಾರ, ಬಾಯಿ ಬೆಂಕಿ. ಗಾಡಿ ಬಂದರೆ ಬಾನೆಟ್ ಎತ್ತುವ ಮೊದಲು ಚಾಲಕನ ಕಾಲಬುಡದ ಮ್ಯಾಟು, ಬಾಟಲಿ, ಚಪ್ಪಲಿ ಎಲ್ಲವನ್ನೂ ಎಳೆದು ಹೊರಗೆಸೆಯುತ್ತಿದ್ದ. "ಪೆಡಲ್ ಬುಡಕ ಸಂಸಾರ ಹೂಡಬ್ಯಾಡ್ರಿ" ಎಂದು ದೊಡ್ಡ ದೊಡ್ಡವರಿಗೂ ಬಯ್ಯುತ್ತಿದ್ದ. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು.

ಹೆಂಡತಿ ಮಕ್ಕಳಿಲ್ಲ. ತನ್ನವರೆಂದರೆ ತಂಗಿ ಹಿರಾಬಾಯಿ, ಅವಳ ಮಗ ಕುನಾಲ. ಗಂಡ ತೀರಿದ ಮೇಲೆ ಹಿರಾಬಾಯಿ ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿದು ಮಗನನ್ನು ಬೆಳೆಸಿದಳು. ಅವನು ನೌಕರಿ ಹಿಡಿದು, ಕಳೆದ ವರ್ಷ ಪುಣೆಯಿಂದ ಹಳೆಯ ಕೆಂಪು ಕಾರೊಂದನ್ನು ತಂದ. ಟರ್ಬೊ ಇಂಜಿನ್, ತಾನೇ ಗಿಯರ್ ಬದಲಿಸಿಕೊಳ್ಳುವಂಥದು. ನೋಡಲು ಮದುಮಗ, ಓಡಿಸಿದರೆ ಮುದುಕ.

"ಮಾಮಾ, ಎಕ್ಸಲೇಟರ್ ಪೆಡಲ್ ಒತ್ತಿದ್ರ ಒಂದೀಟು ಸುಮ್ಮನ ಇರ್ತದ, ಆಮ್ಯಾಲ ಒಮ್ಮಿಗೇ ಜಿಗೀತದ" ಎಂದ ಕುನಾಲ.

"ಈಗಿನ ಗಾಡಿಗೆ ಪೆಡಲಿಂದ ಇಂಜಿನ್ ತನಕ ಕೇಬಲ್ ಇರಂಗಿಲ್ಲೋ. ನೀ ಎಷ್ಟು ಒತ್ತೀದಿ ಅಂತ ಸೆನ್ಸರ್ ಕಂಪ್ಯೂಟರಿಗೆ ಹೇಳ್ತದ, ಅದು ಗಾಳಿ ಬಾಗಲಾ ತೆಗೀತದ. ಬಾಗಲಕ್ಕ ಮಸಿ ಹತ್ತಿದ್ರ ತಡ. ಟರ್ಬೊ ಪೈಪ್ ಸೀಳಿದ್ರ ಇನ್ನೂ ತಡ. ನಿನ್ನ ಗಾಡಿಗೆ ಎರಡೂ ಅದಾವ."

ಎರಡು ದಿನ ಕೂತು ಮಸಿ ತೊಳೆದ, ಪೈಪು ಬದಲಿಸಿದ, ವಳಸಂಗದವರೆಗೆ ತಾನೇ ಓಡಿಸಿ ನೋಡಿ ಬಂದ. "ಇಷ್ಟು ದಿನ ಪೆಡಲ್ ತಳಕ್ಕ ಒತ್ತಿ ರೂಢಿ ಮಾಡ್ಕೊಂಡೀದಿ. ಇನ್ನ ಹಂಗ ಒತ್ತಬ್ಯಾಡ. ಮುಟ್ಟಿದ್ರ ಸಾಕು, ಓ ಅಂತದ" ಎಂದು ಅಳಿಯನಿಗೆ ಹತ್ತು ಸಲ ಹೇಳಿದ.

ಮರುದಿನ ಬೆಳಿಗ್ಗೆ ತಾಯಿ ಮಗ ಅಕ್ಕಲಕೋಟಕ್ಕೆ ಗಾಡಿ ಪೂಜೆಗೆ ಹೊರಟರು. ತಂಗಿಯ ಮನೆಗೆ ಹೊಸದೇನು ಬಂದರೂ ಅಣ್ಣ ಬಟ್ಟೆ ಕೊಟ್ಟು ಆಯೇರಿ ಮಾಡಬೇಕು, ತವರಿನ ಮರ್ಯಾದೆ ಅದು. ಖಂಡೆಪ್ಪ ನನ್ನ ಅಂಗಡಿ ಹತ್ತಿ ಚಾದರ ಕೇಳಿದ. "ಇರೂದು ಒಬ್ಬ ಅಳಿಯ, ಸಣ್ಣದು ಒಯ್ತೀಯೇನೋ?" ಎಂದು ನಾನೇ ಚುಡಾಯಿಸಿ, ಇದ್ದುದರಲ್ಲೇ ದೊಡ್ಡದನ್ನು ತೆಗೆದುಕೊಟ್ಟೆ.

ಅದನ್ನು ಚಾಲಕನ ಸೀಟಿಗೆ ಹಾಸಿ ಕುಂಕುಮ ಹಚ್ಚಿದ. ಅಂಚು ಪೆಡಲಿನ ತನಕ ಇಳಿದು ಬಿತ್ತು. ಅವನೂ ನೋಡಿದ, ನಾನೂ ನೋಡಿದೆ. ಬೇರೆ ಯಾರದಾದರೂ ಗಾಡಿಯಾಗಿದ್ದರೆ ಓಣಿ ಕೇಳುವಂತೆ ಬಯ್ದು ಕಿತ್ತೆಸೆಯುತ್ತಿದ್ದ. ಆದರೆ ಕುಂಕುಮ ಹಚ್ಚಿದ ಆಯೇರಿ ಪೂಜೆಗೆ ಮೊದಲು ಎತ್ತುವ ಹಾಗಿಲ್ಲ. "ಇರ್ಲಿ, ಪೂಜಾ ಆದ ಮ್ಯಾಲ ಮಡಚಿಡು" ಎಂದ.

ವಳಸಂಗ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕಲು ಕುನಾಲ ಹಳೆಯ ರೂಢಿಯಂತೆ ಪೆಡಲನ್ನು ತಳಕ್ಕೆ ಒತ್ತಿದ. ಗಾಡಿ ಹುಣಸೆ ಮರಕ್ಕೆ ಬಡಿಯಿತು. ಹಿರಾಬಾಯಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು. ಕುನಾಲನ ಎರಡೂ ಕಾಲು ಮುರಿದವು. "ನಾನೇ ಜೋರು ಬಿಟ್ಟಿದ್ದೆ" ಎಂದು ಪೊಲೀಸರಿಗೆ ಬರೆದುಕೊಟ್ಟ. ತಾಯಿಯನ್ನು ತಿಂದ ಮಗ ಎಂದು ನೆಂಟರೇ ಆಡಿಕೊಂಡರು. ಆಡಿದ ನಾಲಿಗೆಗಳಿಗೆ ಹುಳ ಬೀಳಲಿ.

ಖಂಡೆಪ್ಪ ನಂಬಲಿಲ್ಲ. ತಪ್ಪು ತನ್ನ ಕೆಲಸದ್ದೋ ಹುಡುಗನದೋ ಅವನಿಗೆ ತಿಳಿಯಲೇಬೇಕಿತ್ತು. ತಂಗಿಯ ದಿನಕರ್ಮ ಮುಗಿದ ಮೇಲೆ ಠಾಣೆಯ ಅಂಗಳದಲ್ಲಿ ನಿಂತ ಗಾಡಿಯ ಬಳಿ ನನ್ನನ್ನೂ ಕರೆದೊಯ್ದ. ಬಾನೆಟ್ ಕಡೆ ಹೋಗಲಿಲ್ಲ. ರೂಢಿಯಂತೆ ಮೊದಲು ಕಾಲಬುಡಕ್ಕೆ ಕೈ ಹಾಕಿದ. ಚಾದರದ ಅಂಚು ಪೆಡಲನ್ನು ತಳಕ್ಕೇ ಹಿಡಿದುಕೊಂಡಿತ್ತು. ಮೂಲೆಯಲ್ಲಿ ನನ್ನ ಅಂಗಡಿಯ ಚೀಟಿ ಇನ್ನೂ ಇತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು.

"ಚಾದರ ಸಿಕ್ಕಿತ್ತು. ನಿನಗ ಗೊತ್ತಿತ್ತು. ಯಾಕ ಸುಳ್ಳ ಬರಕೊಟ್ಟೀ?"

ಕುನಾಲ ಗೋಡೆಯ ಕಡೆ ನೋಡುತ್ತ ಹೇಳಿದ. "ಅವ್ವ ಬಗ್ಗಿ ಕೈಲೇ ಎಳದ್ಲು ಮಾಮಾ, ಬರಲಿಲ್ಲ. ಆಂಬುಲೆನ್ಸ್‌ನ್ಯಾಗ ಒಂದೇ ಮಾತು ಅಂದ್ಲು. ಅಣ್ಣಗ ಹೇಳಬ್ಯಾಡ ಅಂದ್ಲು."

ಖಂಡೆಪ್ಪ ಅಂದೇ ಠಾಣೆಗೆ ಹೋಗಿ ನಡೆದದ್ದನ್ನು ಬರೆಸಿದ. ಹುಡುಗನ ಮೇಲಿನ ಕೇಸು ಇನ್ನೂ ನಡೆದಿದೆ.

ಗ್ಯಾರೇಜು ತೆರೆದೇ ಇದೆ. ಗಾಡಿ ಬಂದರೆ ಈಗಲೂ ಮೊದಲು ಮ್ಯಾಟು ತೆಗೆಯುತ್ತಾನೆ. ಎಸೆಯುವುದಿಲ್ಲ, ಮಡಚಿ ಒಡೆಯನ ಕೈಗೆ ಕೊಡುತ್ತಾನೆ, ಒಂದು ಮಾತೂ ಆಡುವುದಿಲ್ಲ. ಆ ಚಾದರ ಆರಿಸಿ ಕೊಟ್ಟವನು ನಾನು. ನನಗಾದರೂ ಒಮ್ಮೆ ಬಯ್ಯಲಿ ಎಂದು ದಿನಾ ಅವನ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. "ಬರ್ರಿ ಸಾವಕಾರ್ರ, ಚಾ ಕುಡೀರಿ" ಅನ್ನುತ್ತಾನೆ.